ಕೌದಿಯೊಳಗಿನ ಕಾಗದ

ಅಮ್ಮ ಅರ್ಧಕ್ಕೆ ಬಿಟ್ಟುಹೋದ ಕೌದಿ ಸದ್ದು ಮಾಡುತ್ತಿತ್ತು. ಅದರ ಹಿಂಬದಿಯ ಒಂದೊಂದು ಚೌಕದಲ್ಲೂ ಬಟ್ಟೆಯ ಜೊತೆ ಹೊಲಿದುಹೋದ ತೆಳು ಕಾಗದ ಹಾಗೇ ಉಳಿದಿತ್ತು. ಅಪ್ಪ ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದವನು ಅದನ್ನೇ ಹೊದ್ದು ಒಂದು ಗಳಿಗೆ ಮಲಗುತ್ತಿದ್ದ. ಮಗ್ಗುಲು ಬದಲಿಸಿದಾಗಲೆಲ್ಲ ಯಾರೋ ಪಕ್ಕದಲ್ಲಿ ಕೂತು ಪೇಪರು ಮಡಚಿದಂತೆ ಕೇಳುತ್ತಿತ್ತು.

"ಭಾವ, ಅದು ಇನ್ನೂ ಹೊದೆಯೋ ಹಾಗಾಗಿಲ್ಲ," ಎಂದಳು ಬಂದ ದಿನವೇ ಚಿಕ್ಕಮ್ಮ, ಅಮ್ಮನ ತಂಗಿ. "ಮೇಲಿನ ಪದರ ಅಷ್ಟೇ. ಹತ್ತಿ ಇಲ್ಲ, ಅಡಿಬಟ್ಟೆ ಇಲ್ಲ. ಕಾಗದ ಹೊದ್ಕೊಂಡು ಮಲಗೋಕೆ ನೀವೇನು ಪಾರ್ಸಲ್ಲಾ?"

ಅಪ್ಪ ಎದ್ದು ಕೂತು ಅದನ್ನು ನಾಜೂಕಾಗಿ ಮಡಚಿದ.

ಕೌದಿ ಶುರುವಾದದ್ದೇ ಅಪ್ಪನಿಂದ. ನಿದ್ದೆಯಲ್ಲಿ ಹೊದಿಕೆಯನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುವುದು ಅವನ ಅಭ್ಯಾಸ. "ನಿಮ್ಮಪ್ಪನ ಜೊತೆ ಮಲಗೋದು ಅಂದ್ರೆ ಹಗ್ಗಜಗ್ಗಾಟ," ಎನ್ನುತ್ತಿದ್ದ ಅಮ್ಮ ಕೊನೆಗೆ ಮಂಚಕ್ಕಿಂತ ಒಂದೂವರೆ ಪಟ್ಟು ಅಗಲ ಅಳತೆ ಹಾಕಿದಳು. ಚೌಕಕ್ಕೊಂದು ನೀಲಿ ಹಕ್ಕಿ. ಎಲ್ಲವೂ ಎಡಕ್ಕೆ ನೋಡುವಂಥವು. ಆಸ್ಪತ್ರೆಗೆ ಹೋಗುವಾಗ ಕೊನೆಯ ಸಾಲಿನ ಕೊನೆಯ ಚೌಕ ಮಾತ್ರ ಬಾಕಿ ಇತ್ತು. ಅಲ್ಲಿ ಚಿಕ್ಕಮ್ಮನ ಕೈ ಹಿಡಿದು ಹೇಳಿದ್ದಳಂತೆ: "ಅದೊಂದು ಮುಗಿಸಿಬಿಡೆ. ಕಾಗದ ತೆಗೆದು, ಒಗೆದು, ಅವರಿಗೆ ಹೊದಿಸು."

ಚಿಕ್ಕಮ್ಮನಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಆದರೆ ಅವಳು ಮಷಿನ್ನಿನ ಮುಂದೆ ಕೂತಾಗ ಅಪ್ಪ ಬಂದು ನಿಂತ.

"ನನಗೆ ಹೇಳಿಕೊಡು. ಅದನ್ನ ನಾನು ಹೊಲೀತೀನಿ."

"ನೀವಾ?"

"ನಕಲಿ ಕೀ ಮಾಡೋನು ನಾನು. ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಬೀಗ ತೆಗೆಯಲ್ಲ. ಇದೇನು ಮಹಾ?"

ಮಹಾ ಆಗಿಯೇ ಇತ್ತು. ಕಾಗದದ ಮೇಲೆ ಹಕ್ಕಿಯ ಗೆರೆಗಳು, ಒಂದೊಂದು ತುಂಡಿಗೂ ಒಂದು ಅಂಕಿ. ಬಟ್ಟೆಯನ್ನು ಕಾಗದದ ಹಿಂದೆ ಇಟ್ಟು, ಕಾಗದದ ಮೇಲಿನ ಗೆರೆಗುಂಟ ಹೊಲಿಯಬೇಕು. ಹೊಲಿದಮೇಲೆ ಬಟ್ಟೆ ಮಗುಚಿ, ಇಸ್ತ್ರಿ ಒತ್ತಿ, ಅಂಕಿಯ ಪ್ರಕಾರ ಮುಂದಿನ ತುಂಡು. ಕಣ್ಣಿಗೆ ಕಾಣುವುದು ಒಂದು ಕಡೆ, ಕೆಲಸ ಆಗುವುದು ಇನ್ನೊಂದು ಕಡೆ. ಹಳೆಯ ದಿಂಬಿನ ಚೀಲ ಕತ್ತರಿಸಿ ಅಪ್ಪ ಅಭ್ಯಾಸ ಮಾಡಿದ. ಮಗುಚಿದಾಗ ಬಟ್ಟೆ ಸಾಲದೆ ಹಕ್ಕಿಗೆ ಬೆನ್ನೇ ಇಲ್ಲದಂತಾಯಿತು.

"ಪಾಪ, ಬಾಣಲೆಗೆ ರೆಡಿ," ಎಂದಳು ಚಿಕ್ಕಮ್ಮ. "ಮಗುಚಿದಮೇಲೆ ಎಲ್ಲಿಗೆ ಬರುತ್ತೆ ಅಂತ ಮೊದಲೇ ಬೆಳಕಿಗೆ ಹಿಡಿದು ನೋಡಿ ಅಂದೆನಲ್ಲ! ಹೊಲಿಗೆ ಇನ್ನೂ ಒತ್ತಾಗಿ ಬರಲಿ. ಕಾಗದದಲ್ಲಿ ಸಾಲಾಗಿ ತೂತು ಬಿದ್ದಿರಬೇಕು."

"ಆಯ್ತು, ಟೀಚರಮ್ಮ."

ವಾರ ಕಳೆಯಿತು. ದಿಂಬಿನ ಚೀಲಗಳು ಮುಗಿದು ಹಳೆ ಹಾಸಿಗೆ ಬಟ್ಟೆಗೆ ಕತ್ತರಿ ಬಿತ್ತು. ಹಕ್ಕಿಗಳು ಸುಧಾರಿಸಿದವು. ನನ್ನ ಕಣ್ಣಿಗಂತೂ ಅಮ್ಮನದಕ್ಕೂ ಅವಕ್ಕೂ ವ್ಯತ್ಯಾಸ ಕಾಣಲಿಲ್ಲ. ಆದರೂ ಅಪ್ಪ, "ಕೊಕ್ಕು ಸರಿ ಬಂದಿಲ್ಲ, ಇನ್ನೊಂದು ಮಾಡ್ತೀನಿ," ಎನ್ನುತ್ತಿದ್ದ.

ಚಿಕ್ಕಮ್ಮನ ರಜೆ ಮುಗಿಯುತ್ತ ಬಂತು. "ಭಾವ, ನಾನು ನಾಳಿದ್ದು ಹೊರಡಬೇಕು. ಇವತ್ತು ನಿಜವಾದ್ದನ್ನೇ ಹೊಲಿದುಬಿಡಿ," ಎಂದು ನೀಲಿ ಬಟ್ಟೆಯನ್ನು ಅವನ ಮುಂದಿಟ್ಟಳು. ಕಿಟಕಿಯ ಹಳೇ ಪರದೆಯಿಂದ ಅಮ್ಮ ಕತ್ತರಿಸಿಟ್ಟಿದ್ದು. ಒಂದೇ ಹಕ್ಕಿಗೆ ಸಾಲುವಷ್ಟಿತ್ತು. ಅಭ್ಯಾಸದ ನಕಾಶೆಗಳನ್ನೆಲ್ಲ ಬರೆದುಕೊಟ್ಟವಳು ಚಿಕ್ಕಮ್ಮನೇ. ಈ ಸಲ ಮಾತ್ರ, "ಅಕ್ಕ ಮಾಡಿದ ಚೌಕದ ಹಿಂದೆ ಕಾಗದ ಇದೆಯಲ್ಲ, ಅದರ ಮೇಲೆ ಹಾಳೆ ಇಟ್ಟು ಗೆರೆ ಎತ್ಕೊಳ್ಳಿ. ಅಡಿಬಟ್ಟೆ, ಹತ್ತಿ ತಗೊಂಡು ಬರ್ತೀನಿ," ಎಂದು ಪೇಟೆಗೆ ಹೋದಳು.

ಅವಳು ವಾಪಸಾಗುವಷ್ಟರಲ್ಲಿ ಹಕ್ಕಿ ಮುಗಿದಿತ್ತು. ಕೊಕ್ಕು ಸೂಜಿಮೊನೆಯಷ್ಟು ಚೂಪು. ಚಿಕ್ಕಮ್ಮ ಅದನ್ನು ಕೊನೆಯ ಖಾಲಿ ಜಾಗಕ್ಕೆ ಹಿಡಿದು ನೋಡಿದಳು. ಎಲ್ಲ ಹಕ್ಕಿಗಳೂ ಎಡಕ್ಕೆ ನೋಡುತ್ತಿದ್ದವು. ಅಪ್ಪನದು ಬಲಕ್ಕೆ.

"ಯಾವ ಕಡೆಯಿಂದ ಗೆರೆ ಎತ್ಕೊಂಡ್ರಿ?"

"ಮುಂದಿನಿಂದ. ಬಟ್ಟೆ ಕಡೆಯಿಂದ."

"ಅಯ್ಯೋ! ಹಿಂದಿನಿಂದ ಅಂದೆನಲ್ಲ? ಇದೇನು ಕೀ ಅಲ್ಲ ಭಾವ, ಕಂಡಹಾಗೇ ನಕಲು ತೆಗೆಯೋಕೆ. ಮುಂದಿನಿಂದ ತೆಗೆದ್ರೆ, ಹೊಲಿದು ತಿರುಗಿಸಿದಾಗ ಉಲ್ಟಾ ಬರುತ್ತೆ."

ಅಪ್ಪ ಮಷಿನ್ನಿನ ಚಕ್ರವನ್ನು ಸುಮ್ಮನೆ ಸ್ವಲ್ಪ ತಿರುಗಿಸಿದ. "ಹಿಂದೆ ಅವಳ ಬರಹ ಇದೆ," ಎಂದ. "ಅದರ ಮೇಲೆ ಪೆನ್ಸಿಲ್ ಒತ್ತೋಕೆ ಕೈ ಬರಲಿಲ್ಲ."

ಬರಹ ಅಂದರೆ ಅಂಕಿಗಳು, ಅಷ್ಟೇ. ನಾನು ಕೌದಿ ತಿರುವಿ ನೋಡಿದೆ. ಅಮ್ಮನ ಎಂಟರ ತಲೆ ಚಿಕ್ಕದು, ಹೊಟ್ಟೆ ದಪ್ಪ. ಕೂತ ಬಾತುಕೋಳಿಯ ಹಾಗೆ. ಚೌಕ ಚೌಕಕ್ಕೂ ಒಂದು ಬಾತುಕೋಳಿ ಕೂತಿತ್ತು.

ಚಿಕ್ಕಮ್ಮ ಸ್ಟೂಲು ಎಳೆದು ಅಪ್ಪನ ಎದುರು ಕೂತಳು. "ಭಾವ, ಇದು ಕೂಡಿಸಿದ ಮೇಲೆ ಆ ಕಾಗದ ಎಲ್ಲಾ ಹರೀಬೇಕು. ಬಿಟ್ರೆ ಒಗೆದಾಗ ಮುದ್ದೆಯಾಗುತ್ತೆ. ಗೊತ್ತಲ್ಲ?"

"ಗೊತ್ತು," ಎಂದ ಅಪ್ಪ. "ಅದಕ್ಕೇ ನಿಧಾನವಾಗಿ ಕಲೀತಾ ಇದ್ದೆ."

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ಬಿಚ್ಚಿ ಮತ್ತೆ ಹೊಲಿಯೋಣ ಅಂದ್ರೆ ಬಟ್ಟೆ ಪೂರ್ತಿ ತೂತು. ಇರೋದೂ ಇಷ್ಟೇ," ಎಂದಳು ಚಿಕ್ಕಮ್ಮ, ಮೂಗೊರೆಸಿಕೊಂಡು. "ಇರಲಿ ಬಿಡಿ. ಏನೋ ಮರೆತು ವಾಪಸ್ ಹೊರಟವನ ಹಾಗಿದೆ ನಿಮ್ಮ ಹಕ್ಕಿ."

ಕೊನೆಯ ಚೌಕವನ್ನು ಅವಳೇ ಕೂಡಿಸಿಕೊಟ್ಟಳು. ಮರುದಿನ ಬೆಳಿಗ್ಗೆ ಅಪ್ಪ ಅಂಗಡಿ ತೆರೆಯಲಿಲ್ಲ. ಕೌದಿಯನ್ನು ನೆಲದ ಮೇಲೆ ಬೋರಲು ಹಾಸಿ, ಅಂಗಡಿಯ ಚಿಮಟ ಹಿಡಿದು ಕೂತ. ಮೊದಲು ತನ್ನ ಹಕ್ಕಿಯ ಕಾಗದ ಹರಿದ. ಅದು ಜಗ್ಗಾಡಿತು. ಅಲ್ಲಲ್ಲಿ ಹೊಲಿಗೆ ವಿರಳವಾಗಿ ಬಿದ್ದಿತ್ತು. ಕಾಗದದ ಜೊತೆ ನೂಲೂ ಎದ್ದು ಬಂತು. ಅವನ ಹಣೆ ಬೆವರಿತು.

ಆಮೇಲೆ ಅಮ್ಮನದು. ಚಿಮಟ ಬದಿಗಿಟ್ಟು, ಬೆರಳಿನಿಂದ ಒಂದು ಮೂಲೆ ಎತ್ತಿದ. ಹೊಲಿಗೆಯುದ್ದಕ್ಕೂ ಕಾಗದ ತಾನಾಗಿಯೇ ಬಿಟ್ಟುಕೊಂಡಿತು. ಇನ್ನೊಂದು. ಅದೂ ಹಾಗೇ.

"ಇಷ್ಟು ಸಲೀಸಾಗಿ ಬಿಡ್ತಲ್ಲ," ಎಂದ ಅಪ್ಪ, ನಮ್ಮಿಬ್ಬರಲ್ಲಿ ಯಾರ ಮುಖವನ್ನೂ ನೋಡದೆ.

"ಅಷ್ಟು ಒತ್ತಾಗಿ ಹೊಲಿದಿದ್ದಾಳೆ ಅಕ್ಕ. ಹರಿಯೋ ಕೈಗೆ ಕಷ್ಟ ಆಗಬಾರದು ಅಂತ."

ಅಪ್ಪ ಮುಂದುವರಿಸಿದ. ಹರಿದ ಚೂರುಗಳು ಅವನ ಮಂಡಿಯ ಸುತ್ತ ಸೇರುತ್ತ ಹೋದವು. ಬಾತುಕೋಳಿಗಳು ಕೆಲವು ಇಡಿಯಾಗಿ, ಕೆಲವು ಕತ್ತು ಹರಿದು. ನಾನು ಒಂದು ಡಬ್ಬಿ ತಂದಿಟ್ಟೆ. ಅವನು ಬೇಡ ಎಂದು ತಲೆಯಾಡಿಸಿದ. ಸ್ವಲ್ಪ ಹೊತ್ತಾದ ಮೇಲೆ ತಾನೇ ಅದನ್ನು ಹತ್ತಿರಕ್ಕೆ ಎಳೆದುಕೊಂಡ.

ಚಿಕ್ಕಮ್ಮ ಸಂಜೆಯೊಳಗೆ ಹತ್ತಿ, ಅಡಿಬಟ್ಟೆ ಸೇರಿಸಿ ಹೊಲಿದು, ಒಗೆದು ಹಾಕಿ, ಮಾರನೆಯ ದಿನ ಹೊರಟುಹೋದಳು. ಕೌದಿ ಒಣಗಿದ ದಿನ ಮಧ್ಯಾಹ್ನ ಅಪ್ಪ ಊಟ ಮುಗಿಸಿ ಅದನ್ನು ಹೊದ್ದು ಮಲಗಿದ. ಒಮ್ಮೆ ಮಗ್ಗುಲು ಬದಲಿಸಿದ. ತಡೆದು, ಬೇಕೆಂದೇ ಇನ್ನೊಮ್ಮೆ ಬದಲಿಸಿದ. ಸದ್ದಾಗಲಿಲ್ಲ.

ಅವನು ನಿದ್ದೆ ಹೋದಮೇಲೆ ಬಾಗಿಲಲ್ಲಿ ನಿಂತು ನೋಡಿದೆ. ಮಂಚದ ಅಂಚಿಗೆ ಒತ್ತಿಕೊಂಡು ಮುದುಡಿ ಮಲಗಿದ್ದ; ಬೆನ್ನಿನ ಮೇಲೆ ಒಂದು ಸಾಲು ಹಕ್ಕಿ, ಅಷ್ಟೇ. ಅವನು ಎಳೆದುಕೊಂಡಿರಲಿಲ್ಲ. ಉಳಿದ ಕೌದಿಯೆಲ್ಲ ಅಮ್ಮನ ಕಡೆ ಒಂದು ಸುಕ್ಕೂ ಇಲ್ಲದೆ ಹಾಸಿಕೊಂಡಿತ್ತು.