ಗಡಿಯಲ್ಲಿ ನಿಂತ ಮದುವೆ

ಮನೀಷಾಳ ಮದುವೆ ಮೊದಲ ಸಲ ನಿಂತದ್ದು ದೆಹಲಿಯ ಸಂಸತ್ ಭವನದ ಮೇಲೆ ದಾಳಿಯಾದಾಗ. ಅವಳ ತಂದೆ ಬಕ್ಕಪ್ಪನಿಗೆ ಬಸವಕಲ್ಯಾಣದಲ್ಲಿ ಬಟ್ಟೆ ಅಂಗಡಿ. ವರ ಶಿವರಾಜ ಹುಮನಾಬಾದ್ ಹತ್ತಿರದ ದುಬಲಗುಂಡಿಯವನು, ಸೈನ್ಯದಲ್ಲಿ ನೆಲಬಾಂಬು ಹೂಳುವ, ತೆಗೆಯುವ ದಳದಲ್ಲಿದ್ದ. ಮಾಘದಲ್ಲಿ ಮದುವೆ ಎಂದು ನಿಶ್ಚಯವಾಗಿತ್ತು. ಡಿಸೆಂಬರಿನಲ್ಲಿ ಎಲ್ಲರ ರಜೆ ರದ್ದಾಗಿ ಅವನ ದಳ ರಾಜಸ್ಥಾನದ ಗಡಿಗೆ ಹೋಯಿತು.

ಎರಡನೆಯ ಮುಹೂರ್ತ ವೈಶಾಖದಲ್ಲಿ. ಲಗ್ನಪತ್ರಿಕೆ ಹಂಚುತ್ತಿರುವಾಗಲೇ ಜಮ್ಮುವಿನಲ್ಲಿ ಸೈನಿಕರ ಕುಟುಂಬಗಳ ಮೇಲೆ ದಾಳಿಯಾಗಿ, ಮದುವೆ ಮತ್ತೆ ನಿಂತಿತು. ಭಾರತ, ಪಾಕಿಸ್ತಾನ ಅಣುಯುದ್ಧಕ್ಕಿಳಿದರೆ ಯಾವ ಯಾವ ಊರು ಸುಟ್ಟುಹೋಗುತ್ತವೆ ಎಂದು ಪತ್ರಿಕೆಗಳು ಬರೆಯತೊಡಗಿದವು.

"ಹೆದರಬ್ಯಾಡ," ಎಂದ ಬಕ್ಕಪ್ಪ. "ಅಣುಬಾಂಬ್ ಅವರ ಹತ್ರನೂ ಅದ, ನಮ್ಮ ಹತ್ರನೂ ಅದ. ಅದಕ್ಕೇ ಯಾರೂ ಕೈ ಎತ್ತಂಗಿಲ್ಲ."

"ಕೈ ಎತ್ತಂಗಿಲ್ಲಂದ್ರ ಅವರನ್ನ ಮನಿಗೆ ಯಾಕ ಕಳಸವಲ್ರು?" ಎಂದು ಕೇಳಿದಳು ಮನೀಷಾ.

ಎಸ್‌ಟಿಡಿ ಬೂತಿಗೆ ಅಪರೂಪಕ್ಕೆ ಕರೆ ಬಂದರೆ ಶಿವರಾಜನೂ ಅದನ್ನೇ ಹೇಳುತ್ತಿದ್ದ: "ಇಲ್ಲಿ ಲಡಾಯಿನೂ ಇಲ್ಲ, ರಜಾನೂ ಇಲ್ಲ." ಎರಡು ಸಲ ನಿಂತ ಮದುವೆ ಅಪಶಕುನವೆಂದು ಬಂಧುಗಳು ಗೊಣಗಿದರು. ಸೋದರಮಾವ ಹುಲಸೂರಿನಿಂದ ಬೇರೊಂದು ಸಂಬಂಧವನ್ನೇ ತಂದ. "ಚಹಾ ಕುಡೀರಿ ಮಾಮಾ, ಆ ಮಾತು ಮಾತ್ರ ಬ್ಯಾಡ್ರಿ," ಎಂದಳು ಮನೀಷಾ.

ಯಾರೂ ಮದುವೆ ಮಾಡದ ಆಷಾಢದಲ್ಲಿ ಶಿವರಾಜನಿಗೆ ದಿಢೀರನೆ ಒಂದು ವಾರದ ರಜೆ ಸಿಕ್ಕಿತು. ಶ್ರಾವಣದವರೆಗೆ ತಡೆಯೋಣ ಎಂದ ಬಕ್ಕಪ್ಪ.

"ಶ್ರಾವಣದಾಗ ಅವರಿಗೆ ರಜಾ ಯಾರು ಕೊಡ್ತಾರ್ರಿ ಅಪ್ಪಾ? ಬಸವಣ್ಣನ ಊರಾಗ ಅಂಗಡಿ ಇಟ್ಕೊಂಡು ಆಷಾಢ ನೋಡಾಕತ್ತೀರಿ."

ಬಕ್ಕಪ್ಪ ಒಪ್ಪಿದ. ಹುಮನಾಬಾದಿನ ಒಂದು ಮಠದಲ್ಲಿ ಮದುವೆ ನಡೆಯಿತು. ಅರ್ಧ ಬಂಧುಗಳು ಬರಲೇ ಇಲ್ಲ. ರಜೆ ಮುಗಿದು, ಮನೀಷಾಳನ್ನು ದುಬಲಗುಂಡಿಯಲ್ಲಿ ತನ್ನ ತಾಯಿಯ ಬಳಿ ಬಿಟ್ಟು, ಶಿವರಾಜ ಗಡಿಗೆ ಮರಳಿದ.

ಅಕ್ಟೋಬರಿನಲ್ಲಿ, ಸೈನ್ಯವನ್ನು ಹಿಂದಕ್ಕೆ ಕರೆಸುವುದಾಗಿ ಸರ್ಕಾರ ಹೇಳಿತು. ಅತ್ತೆ ಮಾಣಿಕಮ್ಮ ಓಣಿಗೆಲ್ಲ ಪೇಡೆ ಹಂಚಿದಳು. ಆಮೇಲೆ ಶಿವರಾಜನ ಕರೆ ಬಂತು.

"ಉಳಿದವರು ಹೊಂಟಾರ. ಹೂಳಿದ ಬಾಂಬ್ ನಾವೇ ತೆಗೀಬೇಕು. ಮರಳು ಸರದು ಯಾವುದು ಎಲ್ಲಿ ಅದ ಗೊತ್ತಾಗವಲ್ದು."

"ಲಡಾಯಿನೇ ಆಗಲಿಲ್ಲ. ಮತ್ತ ಹೂಳಿದ್ದು ಯಾಕ್ರಿ?"

"ನಾ ಯಾರನ್ನ ಕೇಳ್ಲಿ?"

ಮನೀಷಾ ರಿಸೀವರನ್ನು ಕುಕ್ಕಿದಳು. ಬೂತಿನವನು ತಿರುಗಿ ನೋಡಿದ.

ಶಿವರಾಜ ಬಂದದ್ದು ಮರುವರ್ಷ ಯುಗಾದಿ ಕಳೆದ ಮೇಲೆ. ಪಕ್ಕದಲ್ಲೇ ಬಾಂಬು ಸಿಡಿದು ಜೊತೆಗಾರ ಸತ್ತಿದ್ದ. ಇವನ ಎಡಗಿವಿ ಕೇಳಿಸದಾಗಿತ್ತು. ಅದೇ ವಾರ, ಎರಡೂ ದೇಶಗಳು ಮತ್ತೆ ಮಾತುಕತೆಗೆ ಮುಂದಾಗಿವೆ ಎಂದು ಟಿವಿಯಲ್ಲಿ ಹೇಳುತ್ತಿದ್ದರು.

"ಏನಂತಾರ?" ಎಂದು ಶಿವರಾಜ ಕೇಳಿದ.

ಮನೀಷಾ ಅವನ ಬಲಮಗ್ಗುಲಿಗೆ ಬಂದು ಕೂತಳು. "ಮಾತಾಡ್ತಾರಂತ್ರಿ," ಎಂದಳು. ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಎದ್ದು ಹೋಗಿ ಟಿವಿ ಆರಿಸಿದಳು.