ಗುಡ್ಡದ ಪಾಲು

ಜಟ್ಟನ ಪಿಕಾಸಿ ಮತ್ತೆ ಠಣ್ಣೆಂದು ಪುಟಿಯಿತು. ಮೊಣಕಾಲುದ್ದವೂ ಇಳಿಯದ ಗುಂಡಿಯ ತಳದಲ್ಲಿ ಕರಿಬಂಡೆ ಹಲ್ಲು ಕಿರಿಯುತ್ತಿತ್ತು.

“ಎಂತ ಮಾಡೂದು ಮಾಬ್ಲಣ್ಣ? ಇಡೀ ಗುಡ್ಡವೇ ಒಂದು ಕಲ್ಲು. ನಿನ್ನ ತಂಗೀನ ಇಲ್ಲಿ ಮಲಗ್ಸಿದ್ರೆ ಮೂಗು ಹೊರಗೇ ಉಳೀತದೆ.”

ಯಾರೋ ಪಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಲಕ್ಕಿಯ ದೇಹ ಅಲ್ಲೇ ಜಗಲಿಯ ಮೇಲಿತ್ತು. ಶಾಲೆಯಲ್ಲಿ ಕಲಿಸುವ ಅವಳ ಮಗಳು ಪವಿತ್ರಾ ಗುಂಡಿಯ ಹತ್ತಿರ ಬಂದಳು.

“ಸಾಕು ಜಟ್ಟಣ್ಣ. ಇದು ಭೂಮಿ ಹೊಟ್ಟೆಯಿಂದ ಮೇಲೆದ್ದು ಬಂದ ಕಲ್ಲು. ಯಾವ ಕಾಲದಿಂದ್ಲೋ ಸವೀತಾನೇ ಅದೆ.”

“ಸವೆದದ್ದೆಲ್ಲ ಎಲ್ಲಿಗೆ ಹೋತು ಹಂಗಾರೆ?”

ಪವಿತ್ರಾ ಕೆಳಗೆ ನೋಡಿದಳು. ಸೇರಿದವರೆಲ್ಲ ಕೆಳಗೆ ನೋಡಿದರು. ಗುಡ್ಡದ ಬುಡವನ್ನು ತಬ್ಬಿಕೊಂಡು ಮಾಬ್ಲನ ಗದ್ದೆ ಹಸಿರಾಗಿ ಮಲಗಿತ್ತು. ಮಾಬ್ಲ ಹೆಗಲ ಪಂಚೆಯಿಂದ ಬೆವರಿಲ್ಲದ ಮುಖ ಒರೆಸಿಕೊಂಡ.

*

ಗಂಡ ಸತ್ತ ಲಕ್ಕಿ ಕೂಸು ಎತ್ತಿಕೊಂಡು ತವರು ಕಾಯ್ಕಿಣಿಗೆ ಮರಳಿದಾಗ ಪಾಲು ಮಾಡಿದವನು ಮಾಬ್ಲನೇ. “ಗದ್ದೆ ನಂಗೆ, ಗುಡ್ಡ ನಿಂಗೆ. ನೋಡು, ನಿಂದೇ ದೊಡ್ಡದು!”

“ಆತು ಅಣ್ಣ,” ಅಂದಿದ್ದಳು.

ಪ್ರತಿ ಮಳೆಗಾಲ ಮುಗಿದ ಮೇಲೆ ಮಾಬ್ಲ ಕೆಳಗಿನಿಂದ ಕೂಗುತ್ತಿದ್ದ: “ಲಕ್ಕೀ, ನಿನ್ನ ಗುಡ್ಡ ನನ್ನ ಗದ್ದೆಗೆ ಬಂದು ಬಿದ್ದದೆ. ಹೊತ್ಕಂಡ್ ಹೋಗೇ!”

ಅವಳು ಬುಟ್ಟಿ ಹಿಡಿದು ಬಂದು, ಕುಕ್ಕುರುಗಾಲಲ್ಲಿ ಕೂತು, ಹರಳು ಸಹ ಬಿಡದೆ ಹೆಕ್ಕುತ್ತಿದ್ದಳು. ಒಮ್ಮೆ ಮಾತ್ರ ಕೇಳಿದ್ದಳು, “ಕಲ್ಲು ನಂದು ಅಂತ್ಯಲ್ಲ ಅಣ್ಣ, ಜೊತೆಗೆ ಬಂದ ಮಣ್ಣು ಯಾರ್ದು?”

“ಗದ್ದೆಗೆ ಬಿದ್ದ ಮಣ್ಣು ಗದ್ದೇದು. ಬಾಯಿ ಮುಚ್ಕಂಡ್ ಹೆಕ್ಕು.”

ಕೊಯ್ಲಿಗೆ ಬಂದ ಹೆಂಗಸರು ನಕ್ಕಿದ್ದರು. ಲಕ್ಕಿಯೂ ನಕ್ಕಿದ್ದಳು.

*

“ಗದ್ದೆ ಅಂಚಲ್ಲಿ ತೋಡಿ,” ಅಂದ ಮಾಬ್ಲ. “ಅವಳಿಗೆ ಅಷ್ಟು ಜಾಗ ಕೊಡ್ತೆ.”

“ಕೊಡೂದು ಅನ್ಬೇಡ ಮಾವ,” ಅಂದಳು ಪವಿತ್ರಾ, ದನಿ ಏರಿಸದೆ.

ನೇಗಿಲು ತಾಗದ ಮೇಲಂಚಿನಲ್ಲಿ ಗುದ್ದಲಿ ಸಲೀಸಾಗಿ ಇಳಿಯಿತು. ಸೊಂಟದಾಳಕ್ಕೆ ಹೋದ ಮೇಲೆ ಕಲ್ಲು ತಾಗತೊಡಗಿದವು. ಜಟ್ಟ ಗುಂಡಿಯೊಳಗಿಂದಲೇ ಗೋಡೆ ಸವರಿದ. ಕೆಂಪು, ಬೂದು, ಮತ್ತೆ ಕೆಂಪು: ಮಳೆಗಾಲಗಳು ಒಂದರ ಮೇಲೊಂದು ಪಟ್ಟಿಪಟ್ಟಿಯಾಗಿ ಕೂತಿದ್ದವು.

“ಮಾಬ್ಲಣ್ಣ, ಇಲ್ಲಿ ನೋಡು. ಅಡಿಗೆಲ್ಲ ಕಲ್ಲೇ ಕಲ್ಲು. ಮೇಲಿನ ಮಣ್ಣಲ್ಲಿ ಒಂದು ಹರಳೂ ಇಲ್ಲ!”

ಸೇರಿದವರ ಕಣ್ಣು ಲಕ್ಕಿಯ ಬೆರಳುಗಳ ಮೇಲೆ ಹೋಯಿತು.

ಲಕ್ಕಿಯನ್ನು ಇಳಿಸಿದರು. ಮೊದಲ ಹಿಡಿ ಮಣ್ಣು ಅಣ್ಣನದು.

“ಹಾಕು ಮಾಬ್ಲಣ್ಣ, ಹೊತ್ತಾತು.”

ಮಾಬ್ಲ ಮಣ್ಣಿನ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ತಲೆ ಎತ್ತದೆ, ಪಂಚೆ ಹಾಸಿಕೊಂಡು, ಕಲ್ಲು ಹೆಕ್ಕುತ್ತಲೇ ಇದ್ದ.