ಗಾರ್ಡ್ ಬಿಚ್ಚಿದ ಕೈ

ಸೋಮವಾರ ಬೆಳಿಗ್ಗೆ ತಗಡಿನ ಪೆಟ್ಟಿಗೆಯಿಂದ ಶೀಟು ಕೊಯ್ಯುವ ಗ್ರೈಂಡರ್ ಎತ್ತಿಕೊಂಡ ಕನಕರಾಜ್ ಹಾಗೇ ನಿಂತುಬಿಟ್ಟ. ತಿರುಗುವ ಬಿಲ್ಲೆಗೆ ಮರೆಯಾಗಿ ಇರಬೇಕಿದ್ದ ಕಬ್ಬಿಣದ ಗಾರ್ಡ್ ಇರಲಿಲ್ಲ. ಶನಿವಾರ ಸಂಜೆ ಅವನೇ ಕೈಯಾರೆ ಕೂರಿಸಿ, ತಿರುಪು ಬಿಗಿಮಾಡಿ ಇಟ್ಟುಹೋಗಿದ್ದ. ಹೋದ ವಾರವೂ ಹೀಗೇ ಆಗಿ, ಗಾರ್ಡ್ ಮರಳುಗುಡ್ಡೆಯ ಹಿಂದೆ ಸಿಕ್ಕಿತ್ತು.

ಹಿರಿಯೂರಿನ ಹೊರಗೆ, ಹೈವೇ ಪಕ್ಕದಲ್ಲಿ, ತೆಂಗಿನಕಾಯಿ ವ್ಯಾಪಾರದ ಚಿತ್ರಲಿಂಗಪ್ಪನವರ ಹೊಸ ಗೋಡೌನಿನ ಮಾಡಿಗೆ ತಗಡಿನ ಶೀಟು ಹೊದಿಸುವ ಕೆಲಸ ನಡೆದಿತ್ತು. ಕೆಲಸಕ್ಕೆ ಇದ್ದವರು ಮೂರೇ ಜನ. ಮೇಸ್ತ್ರಿ ಕನಕರಾಜ್, ತುರುವನೂರಿನ ಮಾರುತೇಶ್, ಮತ್ತೆ ಚಿತ್ತಯ್ಯ. ಅರವತ್ತರ ಹತ್ತಿರದ ಚಿತ್ತಯ್ಯನೇ ಒಂದು ಕಾಲಕ್ಕೆ ಮೇಸ್ತ್ರಿಯಾಗಿದ್ದವನು. ಶೀಟಿನ ಮೇಲೆ ಕಾಲಿಡುವುದು ಹೇಗೆ, ಅಡಿಯ ಪೈಪು ಎಲ್ಲಿದೆ ಅಂತ ಸ್ಕ್ರೂ ಸಾಲು ನೋಡಿ ತಿಳಿಯುವುದು ಹೇಗೆ ಅಂತ ಕನಕರಾಜನಿಗೆ ಕಲಿಸಿದ್ದೂ ಅವನೇ. ಈಚೆಗೆ ಮಾಲೀಕರೆಲ್ಲ ಕನಕರಾಜನಿಗೇ ಫೋನ್ ಮಾಡತೊಡಗಿದ್ದರು. ಹಂಗಾಗಿ ಕಲಿಸಿದವನು ಕಲಿತವನ ಕೈಕೆಳಗೆ ಬಂದಿದ್ದ.

"ಗಾರ್ಡ್ ಯಾರಪ್ಪ ಬಿಚ್ಚಿದ್ದು?" ಕನಕರಾಜ್ ಕೇಳಿದ.

"ನಾನಂತೂ ಅಲ್ಲ ಮೇಸ್ತ್ರಿ," ಮಾರುತೇಶ್ ಅಂದ.

ಚಿತ್ತಯ್ಯ ಬೀಡಿ ಆರಿಸುತ್ತ, "ಸಡಿಲಾಗಿ ಬಿದ್ದಿರಬೇಕು ತಗ," ಅಂದ. ಮುಖ ಮಾತ್ರ ಈ ಕಡೆ ತಿರುಗಿಸಲಿಲ್ಲ.

ಬಿಗಿಮಾಡಿದ ತಿರುಪು ಪೆಟ್ಟಿಗೆಯೊಳಗೆ ತಾನಾಗೇ ಬಿಚ್ಚಿಕೊಳ್ಳುವುದುಂಟೇ? ಕನಕರಾಜ್ ಕೆನ್ನೆ ಸವರಿಕೊಂಡ. ಹೊಳಲ್ಕೆರೆಯಲ್ಲಿ ಹಿಂದೊಮ್ಮೆ ಗಾರ್ಡಿಲ್ಲದ ಗ್ರೈಂಡರಿನ ಬಿಲ್ಲೆ ಒಡೆದು, ಅದರ ಚೂರು ಅವನ ಕೆನ್ನೆ ಸೀಳಿತ್ತು. ಇನ್ನೊಂದು ಬೆರಳಗಲ ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಆಮೇಲಿನಿಂದ ಅವನ ಕೆಲಸದಲ್ಲಿ ಗಾರ್ಡ್, ಕನ್ನಡಕ, ಸೊಂಟದ ಬೆಲ್ಟು ಇಲ್ಲದೆ ಯಾರೂ ಏನೂ ಮುಟ್ಟುವಂತಿರಲಿಲ್ಲ. ಈ ಸಂಗತಿ ಚಿತ್ತಯ್ಯನಿಗೂ ಚೆನ್ನಾಗಿ ಗೊತ್ತಿತ್ತು.

ಆವತ್ತು ಗಾರ್ಡ್ ಸಿಕ್ಕಿದ್ದು ಚಿತ್ತಯ್ಯನ ಬುತ್ತಿಚೀಲದ ಪಕ್ಕದಲ್ಲಿ. ಕನಕರಾಜ್ ಅದನ್ನು ಮತ್ತೆ ಕೂರಿಸಿದ.

ಎರಡು ದಿನ ಕಳೆದ ಮೇಲೆ ಅವನ ಎದೆ ಝಲ್ಲೆನ್ನುವಂಥದ್ದು ನಡೆಯಿತು. ಆಷಾಢದ ಗಾಳಿ ಗುಡ್ಡದ ಕಡೆಯಿಂದ ನುಗ್ಗಿ ಬರುತ್ತಿತ್ತು, ಕೈಯಲ್ಲಿ ಹಿಡಿದ ಶೀಟು ಪಟದ ಹಾಗೆ ಎಳೆಯುತ್ತಿತ್ತು. ಮಾಡಿನ ನೆತ್ತಿ ಹತ್ತಿದ ಕನಕರಾಜ್ ಹಗ್ಗವನ್ನು ಪೈಪಿಗೆ ಕಟ್ಟಿ, ಬೆಲ್ಟಿಗೆ ಸಿಕ್ಕಿಸಿ, ಮೈಭಾರ ಬಿಡುವ ಮೊದಲು ರೂಢಿಯಂತೆ ಒಮ್ಮೆ ಜೋರಾಗಿ ಜಗ್ಗಿದ. ಹಗ್ಗ ಪಟ್ಟನೆ ಹರಿದು ಅರ್ಧ ಅವನ ಕೈಗೆ ಬಂತು. ತುದಿ ನೋಡಿದರೆ ಸವೆದು ಹರಿದಂತಿರಲಿಲ್ಲ. ಹೆಚ್ಚಿನ ಎಳೆಗಳು ಒಂದೇ ಸಮ ಕೊಯ್ದಂತಿದ್ದವು, ಕೊನೆಗಳು ಕರಗಿ ಕಪ್ಪಾಗಿದ್ದವು. ಗ್ರೈಂಡರಿನ ಬಿಲ್ಲೆ ತಾಗಿದರಷ್ಟೇ ಹಾಗಾಗುವುದು.

ಕೆಳಗೆ ನೋಡಿದ. ಚಿತ್ತಯ್ಯ ತಲೆ ಎತ್ತಿ ಇವನ ಕಡೆಗೇ ಮುಖಮಾಡಿ ನಿಂತಿದ್ದ.

ಚಹಾ ಹೊತ್ತಿಗೆ ಕನಕರಾಜ್ ಮಾರುತೇಶನನ್ನು ಪಕ್ಕಕ್ಕೆ ಕರೆದ. "ಆ ಯಪ್ಪನ ಮ್ಯಾಲೆ ಒಂದು ಕಣ್ಣಿಟ್ಟಿರು. ನನ್ನ ಕೆಡವೋಕೆ ನೋಡ್ತಾ ಅವ್ನೆ."

ಮಾರುತೇಶ್ ಚಹಾ ಲೋಟ ಕೆಳಗಿಟ್ಟು, "ಮನ್ನೆ ಹೋಟ್ಲಾಗೆ ಒಂದು ಮಾತಂದ ಮೇಸ್ತ್ರಿ. 'ನಾನು ಹೇಳ್ಕೊಟ್ಟೋನು ಈಗ ನಂಗೇ ಬೆಲ್ಟ್ ಕಟ್ಕ ಅಂತಾನೆ' ಅಂತ," ಅಂದ.

ಅಷ್ಟು ಸಾಕಾಯಿತು. ಕನಕರಾಜ್ ಪೇಟೆಯಿಂದ ಹೊಸ ಹಗ್ಗ ತಂದ. ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಏಣಿ ಇಳಿಯುವಾಗ ಚಿತ್ತಯ್ಯ ಬುಡ ಹಿಡಿಯಲು ಬಂದರೆ, "ಬ್ಯಾಡ ಅಣ್ಣ, ಮಾರುತೇಶ ಹಿಡಿತಾನೆ," ಅಂದ. ಚಿತ್ತಯ್ಯ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಪಂಚೆಗೆ ಒರೆಸಿಕೊಂಡು, ಶೀಟಿನ ರಾಶಿಯ ಹತ್ತಿರ ಹೋಗಿ ಕುಂತ. ಚಿತ್ತಯ್ಯ ಕೆಮ್ಮಿದರೂ ಕನಕರಾಜನಿಗೆ ಅದರಲ್ಲೊಂದು ಅರ್ಥ ಕಾಣುತ್ತಿತ್ತು. ಸ್ಕ್ರೂ ಕೇಳಿದರೆ ಬೇರೆ ಅಳತೆಯದು ಕೊಡುತ್ತಾನೆ, ಬೇಕಂತಲೇ. ಕರೆದರೆ ತಡವಾಗಿ ತಿರುಗುತ್ತಾನೆ, ಸೊಕ್ಕಿಗೆ.

ಮನೆಯಲ್ಲಿ ಹೆಂಡತಿ ಅಂಜಲಿ ಎಲ್ಲ ಕೇಳಿಸಿಕೊಂಡು, "ಬಾಯಿಬಿಟ್ಟು ಕೇಳಿದ್ರಾ ಅವರನ್ನ?" ಅಂದಳು.

"ಕೇಳಿದ್ರೆ ಒಪ್ಕಂತಾನ?"

"ಒಪ್ಪದಿದ್ರೆ ಬಿಡ್ಲಿ. ಮುಖ ನೋಡಿದ್ರೆ ನಿಮ್ಗೆ ಗೊತ್ತಾಗಲ್ವಾ?"

ಅವನಿಗೆ ಕೇಳುವುದು ಬೇಕಿರಲಿಲ್ಲ. ಕೈಯಾರೆ ಹಿಡಿಯುವುದು ಬೇಕಿತ್ತು.

ಮರುದಿನ ಮಧ್ಯಾಹ್ನ ಪೆಟ್ಟಿಗೆಯ ಬೀಗ ಬೇಕಂತಲೇ ತೆಗೆದಿಟ್ಟು, "ಊಟಕ್ಕೆ ಹೋಗಾಣ ಬಾ," ಅಂತ ಮಾರುತೇಶನನ್ನು ಕರೆದುಕೊಂಡು ರಸ್ತೆಯವರೆಗೆ ಹೋದ. ಅವನನ್ನು ಹೋಟೆಲಿಗೆ ಕಳಿಸಿ ತಾನು ಹಿಂದಿನಿಂದ ಬಂದು ಇಟ್ಟಿಗೆ ಗೋಡೆಯ ಮರೆಯಲ್ಲಿ ನಿಂತ.

ಚಿತ್ತಯ್ಯ ಬುತ್ತಿ ಬಿಚ್ಚಲಿಲ್ಲ. ಆಚೀಚೆ ನೋಡಿ, ಪೆಟ್ಟಿಗೆಯಿಂದ ಗ್ರೈಂಡರ್ ತೆಗೆದು, ಸ್ಪ್ಯಾನರ್ ಹಾಕಿ ಗಾರ್ಡ್ ಬಿಚ್ಚಿದ. ಕನಕರಾಜ್ ಹಲ್ಲು ಕಚ್ಚಿದ. ಈಗಲೇ ಹೋಗಿ ಕುತ್ತಿಗೆ ಹಿಡಿಯಬೇಕು ಅನ್ನುವಷ್ಟರಲ್ಲಿ ಚಿತ್ತಯ್ಯ ಕೊಯ್ಯಲು ಇಟ್ಟಿದ್ದ ಶೀಟಿನ ಮುಂದೆ ಕುಕ್ಕರಗಾಲಲ್ಲಿ ಕುಂತ. ಪೆನ್ಸಿಲ್ ಗೆರೆಯನ್ನು ಹೆಬ್ಬೆರಳಿಂದ ತಡವಿದ. ಮೂಗು ತಗಡಿಗೆ ತಾಗುವಷ್ಟು ಬಾಗಿದ. ಕನ್ನಡಕ ಹಾಕದೆಯೇ ಗ್ರೈಂಡರ್ ಚಾಲೂ ಮಾಡಿದ. ಕಿಡಿಗಳು ಹುಬ್ಬಿಗೇ ಹಾರುತ್ತಿದ್ದವು. ಅಷ್ಟು ಬಾಗಿದರೂ ಬಿಲ್ಲೆ ಗೆರೆ ಬಿಟ್ಟು ಸರಿಯಿತು, ಅವನು ಮತ್ತೆ ಬೆರಳಲ್ಲಿ ಗೆರೆ ಹುಡುಕಿದ. ಕೊಯ್ದು ಮುಗಿಸಿ, ಇನ್ನೂ ಸುತ್ತುತ್ತಿದ್ದ ಗ್ರೈಂಡರನ್ನು ಪಕ್ಕಕ್ಕಿಟ್ಟ. ಅಲ್ಲಿ ಹೊಸ ಹಗ್ಗದ ಸುರುಳಿ ಇತ್ತು. ಅದರ ಒಂದು ತುದಿಗೆ ಬಿಲ್ಲೆ ತಾಗಿ ಹಗ್ಗ ಹಾವಿನ ಹಾಗೆ ಚಿಮ್ಮಿತು, ಸಣ್ಣಗೆ ಹೊಗೆ ಎದ್ದಿತು. ಚಿತ್ತಯ್ಯನಿಗೆ ಅದು ಕಾಣಲೇ ಇಲ್ಲ. ಗಾರ್ಡನ್ನು ಅಲ್ಲೇ ಬಿಟ್ಟು, ಡ್ರಿಲ್ ಮಿಶನ್ ಹೆಗಲಿಗೆ ಹಾಕಿಕೊಂಡು ಏಣಿ ಹತ್ತತೊಡಗಿದ.

ಗೋಡೆಯ ಮರೆಯಲ್ಲಿ ಕನಕರಾಜ್ ಬೆಪ್ಪಾಗಿ ನಿಂತಿದ್ದ. ಅವನು ಹಿಡಿಯಲು ಬಂದದ್ದೇ ಬೇರೆ, ಕಂಡದ್ದೇ ಬೇರೆ.

ಬೆಳಿಗ್ಗೆಯಷ್ಟೇ ಮಾಡಿನ ನಡುವೆ ಬೆಳಕಿಗೆಂದು ಫೈಬರ್ ಶೀಟು ಹಾಕಿದ್ದರು. ಅದು ಬಿಸಿಲನ್ನು ಒಳಗೆ ಬಿಡುತ್ತದೆ, ಆಳಿನ ಭಾರ ತಡೆಯುವುದಿಲ್ಲ. ಯಾರೂ ಕಾಲಿಡಬಾರದೆಂದು ಕನಕರಾಜ್ ಎರಡೂ ಕಡೆ ಕೆಂಪು ಬಟ್ಟೆ ಕಟ್ಟಿದ್ದ. ಗಾಳಿಗೆ ಬಟ್ಟೆ ಪಟಪಟ ಬಡಿಯುತ್ತಿತ್ತು. ಚಿತ್ತಯ್ಯ ಸ್ಕ್ರೂ ಸಾಲು ಬಿಟ್ಟು, ಬೆಲ್ಟಿಗೆ ಯಾವ ಹಗ್ಗವೂ ಇಲ್ಲದೆ, ನೆಟ್ಟಗೆ ಆ ಕೆಂಪು ಬಟ್ಟೆಯ ಕಡೆಗೇ ನಡೆಯುತ್ತಿದ್ದ.

"ಚಿತ್ತಣ್ಣ, ನಿಂತ್ಕ. ಅಲ್ಲೇ ಕುಂತ್ಕ," ಕನಕರಾಜ್ ಕೂಗಿದ.

"ಯಾರು?" ಅನ್ನುತ್ತ ತಿರುಗಿದ ಚಿತ್ತಯ್ಯನ ಬಲಗಾಲು ಫೈಬರ್ ಮೇಲೆ ಬಿತ್ತು. ಲಟಕ್ಕೆಂದು ಸದ್ದಾಗಿ ಕಾಲು ತೊಡೆಯವರೆಗೆ ಒಳಗಿಳಿಯಿತು. ಡ್ರಿಲ್ ಮಿಶನ್ ಆ ತೂತಿನಿಂದಲೇ ಬಿದ್ದು ಕೆಳಗಿನ ಸಿಮೆಂಟ್ ನೆಲಕ್ಕೆ ಅಪ್ಪಳಿಸಿತು. ಚಿತ್ತಯ್ಯ ಪಕ್ಕದ ತಗಡಿನ ಅಂಚನ್ನು ತಬ್ಬಿ ಹಿಡಿದ.

ಕನಕರಾಜ್ ಹಗ್ಗ ಎತ್ತಿಕೊಂಡು, ಬಿಲ್ಲೆ ತಾಗಿದ ತುದಿಯನ್ನು ಚಾಕುವಿನಿಂದ ಕೊಯ್ದು ಬಿಸಾಕಿ ಏಣಿ ಹತ್ತಿದ. ಸದ್ದು ಕೇಳಿ ಓಡಿ ಬಂದ ಮಾರುತೇಶ್ ಬುಡ ಹಿಡಿದ. ಮೇಲೆ ಕನಕರಾಜ್ ಹಗ್ಗದ ಒಂದು ತುದಿ ಪೈಪಿಗೆ ಬಿಗಿದು, ಸ್ಕ್ರೂ ಸಾಲಿನ ಮೇಲೆ ಹೊಟ್ಟೆಯಲ್ಲಿ ತೆವಳಿ, ಮಾಡಿನ ಮೇಲೆ ಇಟ್ಟಿದ್ದ ಹಲಗೆಯೊಂದನ್ನು ಮುಂದಕ್ಕೆ ತಳ್ಳಿದ.

"ಅಲ್ಲಾಡಬ್ಯಾಡ ಅಣ್ಣ. ಕಾಲು ಎಳೀಬ್ಯಾಡ. ನಾನು ಬಂದೆ."

"ತಗಡು ಕೈ ಕೊಯ್ತೈತೆ ಕಣೋ."

"ಕೊಯ್ಲಿ, ಬಿಡಬ್ಯಾಡ."

ಕನಕರಾಜ್ ಹಗ್ಗದ ಇನ್ನೊಂದು ತುದಿಯನ್ನು ಚಿತ್ತಯ್ಯನ ಬೆಲ್ಟಿಗೆ ಸಿಕ್ಕಿಸಿದ. ಆಮೇಲೆ ರಟ್ಟೆ ಹಿಡಿದು ಹಲಗೆಯ ಮೇಲೆ ಎಳೆದುಕೊಂಡ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡಿದ್ದರು.

ಕೆಳಗಿಳಿದ ಮೇಲೆ ಮಾರುತೇಶ್ ಚಿತ್ತಯ್ಯನ ಅಂಗೈಗೆ ಬಟ್ಟೆ ಸುತ್ತಿ, ನೀರು ಕುಡಿಸಿದ. ಕನಕರಾಜ್ ಎದುರಿಗೆ ಕುಂತ. "ಯಾವಾಗಿಂದ ಕಾಣ್ತಿಲ್ಲ?"

ಚಿತ್ತಯ್ಯ ನೀರಿನ ಬಾಟಲಿ ನೋಡುತ್ತ ಅಂದ, "ಯುಗಾದಿಯಿಂದ. ಹೊಗೆ ಮುಸುಕಿದಂಗೆ. ಮಧ್ಯಾಹ್ನದ ಬಿಸ್ಲಾಗೆ ಎಲ್ಲ ಬೆಳ್ಳಗೆ. ಗಾರ್ಡ್ ಇದ್ರೆ ಗೆರೆ ಒಂಚೂರೂ ಕಾಣಾಕಿಲ್ಲ. ಅದ್ಕೇ ಬೆಳಿಗ್ಗೆ ನೀವು ಬರೋ ಮುಂಚೆ, ಇಲ್ಲ ಊಟದ ಹೊತ್ನಾಗೆ, ಬಿಚ್ಕಂಡು ಕೊಯ್ತಿದ್ದೆ."

"ಹೇಳಬಾರದಿತ್ತಾ?"

"ಹೇಳಿದ್ರೆ ಕೆಲ್ಸಕ್ಕೆ ಕರೀತಿದ್ದಾ?"

ಕನಕರಾಜನಿಗೆ ಗೊತ್ತಿತ್ತು, ಕರೆಯುತ್ತಿರಲಿಲ್ಲ.

"ನಾನು ಬೇಕಂತ ಹಗ್ಗ ಕೊಯ್ದೆ ಅಂದ್ಕಂಡಿದ್ದೀಯಂತೆ," ಚಿತ್ತಯ್ಯ ಮುಂದುವರಿಸಿದ. "ಮಾರುತೇಶ ಹೇಳ್ದ. ಕೊಯ್ದಿದ್ದು ನಾನೇ ಇರಬೇಕು. ಕೊಯ್ದೆ ಅಂತ ನಂಗೇ ಗೊತ್ತಿಲ್ಲ."

ಮಾರುತೇಶ್ ಎದ್ದು ಡ್ರಿಲ್ಲಿನ ಚೂರು ಆರಿಸಲು ಹೋದ.

ಎರಡು ದಿನ ಕೆಲಸ ನಿಲ್ಲಿಸುವುದಾಗಿ ಕನಕರಾಜ್ ಚಿತ್ರಲಿಂಗಪ್ಪನವರಿಗೆ ಫೋನ್ ಮಾಡಿದ. ಅವರು ಗೊಣಗಿದರು. "ಆಳು ಬಿದ್ದಿದ್ರೆ ಇನ್ನೂ ಜಾಸ್ತಿ ದಿನ ನಿಲ್ತಿತ್ತು ಸಾವ್ಕಾರ್ರೆ," ಅಂತ ಕನಕರಾಜ್ ಹೇಳಿದ ಮೇಲೆ ಒಪ್ಪಿದರು.

ಮರುದಿನ ಕನಕರಾಜ್, ಚಿತ್ತಯ್ಯ ಇಬ್ಬರೂ ಕಣ್ಣು ತೋರಿಸಲು ಚಿತ್ರದುರ್ಗದ ಬಸ್ ಹತ್ತಿದರು. ಬಸ್ಸು ಐಮಂಗಲ ದಾಟಿತು. ಆಮೇಲೆ ಚಿತ್ತಯ್ಯನೇ ಮಾತು ಶುರುಮಾಡಿದ. "ನಿನ್ನ ಮ್ಯಾಲೆ ಸಿಟ್ಟಿತ್ತು ನಂಗೆ. ಇರಲಿಲ್ಲ ಅಂದ್ರೆ ಸುಳ್ಳಾಗ್ತೈತೆ. ಹೋಟ್ಲಾಗೆ ಅಂದಿದ್ದೂ ಹೌದು. ಆದ್ರೆ ಮ್ಯಾಲೆ ಇರೋನ ಹಗ್ಗ ಮುಟ್ಟೋ ಅಂಥ ಸಿಟ್ಟಲ್ಲ ಅದು."

"ನಾನು ನಿನ್ನನ್ನೇ ಕೇಳಬೇಕಿತ್ತು ಅಣ್ಣ."

"ಹ್ಞೂಂ, ಕೇಳಬೇಕಿತ್ತು."

ಅಷ್ಟಕ್ಕೇ ನಿಲ್ಲಿಸಿ ಚಿತ್ತಯ್ಯ ಕಿಟಕಿಯ ಕಡೆ ತಿರುಗಿದ. ಪರವಾಗಿಲ್ಲ ಬಿಡು ಅನ್ನುತ್ತಾನೇನೋ ಅಂತ ಕನಕರಾಜ್ ಕಾದ. ಅವನು ಅನ್ನಲಿಲ್ಲ.

ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಎರಡೂ ಕಣ್ಣಲ್ಲಿ ಪೊರೆ ಬೆಳೆದಿದೆ, ಮೊದಲು ಒಂದಕ್ಕೆ ಆಪರೇಶನ್ ಮಾಡೋಣ, ದೃಷ್ಟಿ ಬರುತ್ತದೆ ಅಂದರು. ಮಾಡು ಹತ್ತುವುದು ಮಾತ್ರ ತಾವು ನೋಡಿ ಹೇಳುವವರೆಗೂ ಬೇಡ ಅಂತಲೂ ಹೇಳಿದರು. ಚಿತ್ತಯ್ಯ ತಲೆಯಾಡಿಸಿದ. ಅಲ್ಲಿಯವರೆಗೆ ಕೆಳಗೆ ಸ್ಕ್ರೂ, ವಾಶರ್ ಜೋಡಿಸಿ ಕೊಡುವ ಕೆಲಸವಿದೆ ಅಂತ ಕನಕರಾಜ್ ಮೆಲ್ಲಗೆ ಅಂದ. "ನೋಡಾಣ," ಅಂದ ಚಿತ್ತಯ್ಯ.

ಆಪರೇಶನ್ನಿಗೆ ಮೊದಲಿನ ಪರೀಕ್ಷೆಗೆ ಒಳಗೆ ಕರೆದೊಯ್ಯಲು ಬಂದ ನರ್ಸ್, "ಅಜ್ಜನ ಕಡೆಯವರು ಯಾರು?" ಅಂತ ಕೇಳಿದಳು. ಕನಕರಾಜ್ ಎದ್ದು ನಿಂತ.

"ಇವನೇ," ಅಂದ ಚಿತ್ತಯ್ಯ. "ನನ್ನ ಜೊತೆ ಕೆಲ್ಸ ಮಾಡೋನು."